ಗೋಡೆಗೆ ಪಂಚಾಯತ್, ವಯರಿಗೆ ದೆಹಲಿ

ಫರಂಗಿಪೇಟೆಯಲ್ಲಿ ಮನೆ ಕಟ್ಟಬೇಕಾದರೆ ಪುದು ಗ್ರಾಮ ಪಂಚಾಯತ್‌ನ ಪರವಾನಿಗೆ ಬೇಕು. 1993ರ ಪಂಚಾಯತ್ ರಾಜ್ ಕಾಯ್ದೆ ಆ ಅಧಿಕಾರ ಕೊಟ್ಟಿದೆ. ಆದರೆ ಅದೇ ಮನೆಯ ವಯರಿಂಗ್ ಹೇಗಿರಬೇಕೆಂದು ಪಂಚಾಯತ್ ನಿಯಮ ಮಾಡುವಂತಿಲ್ಲ. ಆ ಸುರಕ್ಷತಾ ನಿಯಮಗಳನ್ನು ಬರೆಯುವುದು ದೆಹಲಿಯ ಕೇಂದ್ರ ವಿದ್ಯುತ್ ಪ್ರಾಧಿಕಾರ. ಇಂಧನ ಉಳಿತಾಯದ ಕಟ್ಟಡ ಸಂಹಿತೆಯೂ ಹಾಗೆಯೇ. 2001ರ ಕಾಯ್ದೆಯಂತೆ ಅದನ್ನು ಸ್ಥಳೀಯ ಹವೆಗೆ ತಕ್ಕಂತೆ ತಿದ್ದುವ ಅವಕಾಶ ರಾಜ್ಯಕ್ಕಿದೆ, ಪಂಚಾಯತ್‌ಗಿಲ್ಲ.

ನೇತ್ರಾವತಿ ದಡದ ಈ ಊರಿನಲ್ಲಿ ಮಳೆಗಾಲವೆಂದರೆ ಗೋಡೆಗಳೂ ನೀರು ಕುಡಿಯುವ ಕಾಲ. ಒದ್ದೆ ಗೋಡೆ, ಬರಿಗಾಲು, ಹಳೆಯ ವಯರು, ಅಪಾಯಕ್ಕೆ ಇಷ್ಟು ಸಾಕು. 2010ರ ಕೇಂದ್ರ ನಿಯಮ ಇದಕ್ಕೊಂದು ಕಾವಲು ಹೇಳಿತು: ಮನೆಗಳಲ್ಲಿ 30 ಮಿಲಿಆಂಪಿಯರ್ ಸೋರಿದೊಡನೆ ಕರೆಂಟು ಕಡಿಯುವ ಸಾಧನ. ಹೋದಷ್ಟು ಕರೆಂಟು ಹಿಂದಿರುಗದಿದ್ದರೆ, ಉಳಿದದ್ದು ಯಾರದೋ ಮೈಯ ಮೂಲಕ ಭೂಮಿಗಿಳಿಯುತ್ತಿರಬಹುದು ಎಂಬುದೇ ಅದರ ಲೆಕ್ಕ. ಪಿಯುಸಿ ವಿದ್ಯಾರ್ಥಿಗಳು ಇದನ್ನು ಮನೆಯವರಿಗೆ ವಿವರಿಸಬಲ್ಲರು. ಆದರೆ ಕಡಿಮೆ ಲೋಡಿನ ಸಣ್ಣ ಮನೆಗಳನ್ನು ಆ ನಿಯಮ ಬಿಟ್ಟಿತ್ತು. ಮಳೆಗೆ ಸಣ್ಣ ಮನೆ, ದೊಡ್ಡ ಮನೆ ಎಂಬ ಭೇದವುಂಟೇ?

ಪಂಚಾಯತ್ ಕಡ್ಡಾಯ ಮಾಡಲಾಗದಿದ್ದರೂ ನಾವಾಗಿ ಹಾಕಿಸಿಕೊಳ್ಳಲು ಅಡ್ಡಿಯಿಲ್ಲ. ಈಗಾಗಲೇ ಇದ್ದರೆ ಅದರ ಮೇಲಿನ ಪರೀಕ್ಷೆಯ ಗುಂಡಿ ಒತ್ತಿ ನೋಡಿ, ಕರೆಂಟು ಹೋಗಬೇಕು. ಹೋಗದಿದ್ದರೆ ಪರವಾನಿಗೆಯುಳ್ಳ ಎಲೆಕ್ಟ್ರಿಷಿಯನ್ನರನ್ನು ಕರೆಸಿ.