ಬದಲಿಯಾಗಿ ಬಂದ ಶುಶ್ರೂಷಕಿ

2023ರ ಫೆಬ್ರವರಿಯಲ್ಲಿ, ತಮ್ಮ ಸೇವೆಯನ್ನು ಕಾಯಂಗೊಳಿಸಬೇಕೆಂದು ನಮ್ಮ ರಾಜ್ಯದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಮುಷ್ಕರ ಹೂಡಿದರಷ್ಟೆ. ಅಂತಹ ದಿನಗಳಲ್ಲಿ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ, ಅಂಕೋಲೆಯ ತಾಲ್ಲೂಕು ಆಸ್ಪತ್ರೆಗಾಗಲಿ ಬದಲಿಯಾಗಿ ಬರುವ ಶುಶ್ರೂಷಕಿಯು, ರೋಗಿಯ ಬಳಿಗೆ ಹೋಗುವುದಕ್ಕೆ ಮುಂಚೆ, ತುರ್ತು ಔಷಧಿಯ ಟ್ರಾಲಿಯ ಪ್ರತಿಯೊಂದು ಖಾನೆಯನ್ನೂ ತಾನೇ ತೆರೆದು, ಅಡ್ರಿನಲಿನ್ ಆಂಪೂಲುಗಳ ಅವಧಿಯನ್ನು ಓದಿ, ಲ್ಯಾರಿಂಗೋಸ್ಕೋಪಿನ ದೀಪ ಹೊತ್ತುವುದೇ ಎಂದು ಪರೀಕ್ಷಿಸಿ, ಆಕ್ಸಿಜನ್ ಸಿಲಿಂಡರಿನ ಮುಳ್ಳು ಎಲ್ಲಿ ನಿಂತಿದೆಯೆಂಬುದನ್ನು ಬರೆದಿಟ್ಟುಕೊಳ್ಳತಕ್ಕದ್ದು. ಹಾವಿನ ವಿಷಕ್ಕೆ ಪ್ರತಿವಿಷವಿರುವ ಫ್ರಿಜ್ಜಿನ ಕೀಲಿಕೈ ಯಾರಲ್ಲಿದೆ ಎಂಬುದನ್ನೂ ಕೇಳಿ ತಿಳಿಯಬೇಕು.

ಭಾಷೆಯೂ ಸಿದ್ಧತೆಯ ಅಂಗವೇ. ಮೀನುಗಾರರ ಮನೆಯ ಮುದುಕಿ ನೋವನ್ನು ಕೊಂಕಣಿಯಲ್ಲಿ ಹೇಳಿಯಾಳು, ಹಾಲಕ್ಕಿ ಒಕ್ಕಲಿನಾಕೆ ತನ್ನದೇ ಬಗೆಯ ಕನ್ನಡದಲ್ಲಿ; ದೂರದಿಂದ ಬಂದವಳಿಗೆ ಊರಿನ ಆಯಾ ಒಬ್ಬಳು ಜೊತೆಗಿರಲೇಬೇಕು.

ಮುಷ್ಕರನಿರತರಿಗೆ ಈಕೆ ಶತ್ರುವಲ್ಲ. ಅವರ ಬೇಡಿಕೆ ನ್ಯಾಯವೆಂದು ಬಗೆಯುತ್ತಲೇ ಹಾಸಿಗೆ ಹಿಡಿದವರನ್ನು ನೋಡಿಕೊಂಡಾಳು. ಆದರೆ ಆದೇಶಪತ್ರ ಕೈಗಿತ್ತ ಮಾತ್ರಕ್ಕೆ ಆಕೆಯನ್ನು ವಾರ್ಡಿನಲ್ಲಿ ಒಂಟಿಯಾಗಿ ನಿಲ್ಲಿಸುವುದು ಅನ್ಯಾಯವೆಂದೇ ನನ್ನ ಮತ. ಒಂದು ಪಾಳಿಯಾದರೂ ಹಳಬರೊಡನೆ ಇರಿಸಿ, ಒಬ್ಬೊಬ್ಬ ರೋಗಿಯ ವಿವರವನ್ನೂ ಹಾಸಿಗೆಯ ಬಳಿಯಲ್ಲಿಯೇ ಒಪ್ಪಿಸಬೇಕು. ಕಾರವಾರದಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳು 250 ಕಿಲೋಮೀಟರಿಗೂ ದೂರ. ರೋಗಿಯನ್ನು ಅಲ್ಲಿಗೋ ಗೋವೆಯ ಬಾಂಬೋಳಿಯ ಆಸ್ಪತ್ರೆಗೋ ಕಳುಹಿಸಬೇಕಾದ ಹೊತ್ತಿನಲ್ಲಿ, ಯಾರಿಗೆ ಫೋನು ಮಾಡಬೇಕೆಂದು ಆಕೆ ಹುಡುಕುತ್ತ ಕೂರಲಾಗದು.