ಬಿ.ಪಿ. ಇರುವವರಿಗೆ ಬೇರೆ ಅಡುಗೆ ಬೇಕೇ?

ರಕ್ತದೊತ್ತಡವಿರುವ ಹಿರಿಯರಿಗೆಂದು ಸಪ್ಪೆ ಸಾರು ಮಾಡಿ ಮೊದಲೇ ಬಡಿಸಿಬಿಡುವುದು ನಮ್ಮ ಹೊನ್ನಾಳಿ ಕಡೆಯ ಮನೆಗಳಲ್ಲೂ ಉಂಟು. ಒಬ್ಬರೇ ಕೂತು ಉಂಡರೆ ಊಟ ಸೇರದು. ನಾಲ್ಕು ದಿನಕ್ಕೆ ಬೇಸತ್ತು ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಾರೆ. ಅವರನ್ನು ಗದರಿ ಫಲವಿಲ್ಲ. ಇಡೀ ಮನೆಯ ಸಾರಿಗೇ ಉಪ್ಪು ಕಡಿಮೆ ಮಾಡಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿರಿ. ಸೊಸೆಯಂದಿರಿಗೆ ಎರಡೆರಡು ಅಡುಗೆಯ ಕೆಲಸವೂ ತಪ್ಪುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಾಯಿಲೆ ಇಲ್ಲದ ವಯಸ್ಕರೂ ದಿನಕ್ಕೆ 5 ಗ್ರಾಂಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ತಿನ್ನಬೇಕು. ಮುದ್ದೆಗೆ, ಜೋಳದ ರೊಟ್ಟಿಗೆ ಉಪ್ಪು ಬೇಕಿಲ್ಲ. ಸಾರಿಗೆ ನಿಂಬೆಹುಳಿ, ಬೆಳ್ಳುಳ್ಳಿ, ಕೊತ್ತಂಬರಿ ಮುಂದಾಗಲಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ಹಪ್ಪಳ, ಸಂಡಿಗೆ, ಸಂಜೆಯ ಮಂಡಕ್ಕಿ-ಮೆಣಸಿನಕಾಯಿಯ ಉಪ್ಪೂ ಲೆಕ್ಕಕ್ಕೆ ಸೇರಿದ್ದೇ. ಉಪ್ಪು ಇಳಿಸಿದಿರೆಂದು ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ.