ಕಾರಿನ ಫ್ರಿಜ್: ಕೊಳ್ಳುವ ಮುನ್ನ ಅರಿಯಬೇಕಾದುದು

ಜಡೆ (ಸೊರಬ): ಜಡೆ, ಆನವಟ್ಟಿ, ಶಿಕಾರಿಪುರ ಭಾಗದಿಂದ ಸ್ವಂತ ವಾಹನದಲ್ಲಿ ದೂರದ ಪ್ರವಾಸ ಹೊರಡುವವರಿಗೆ ದಾರಿಯಲ್ಲಿ ಹಾಲು, ಹಣ್ಣು ಕೆಟ್ಟರೆ ನಷ್ಟ ಅಲ್ಪ. ಮನೆಯ ಹಿರಿಯರ ಇನ್ಸುಲಿನ್ ಕೆಟ್ಟರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಕಾರಿನ ಫ್ರಿಜ್ ಆಯ್ಕೆಯಲ್ಲಿ ಎಚ್ಚರ ಅಗತ್ಯ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಅಗ್ಗದ ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆಯು ಹೊರಗಿನ ಉಷ್ಣಾಂಶಕ್ಕಿಂತ ಸುಮಾರು 15ರಿಂದ 20 ಡಿಗ್ರಿಯಷ್ಟೇ ತಂಪು ನೀಡಬಲ್ಲದು. ಬಯಲುಸೀಮೆಯ 40 ಡಿಗ್ರಿ ಬಿಸಿಲಿನಲ್ಲಿ ಅದರ ಒಳಗಿನ ಉಷ್ಣಾಂಶ 20ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇನ್ನೂ ಬಳಸಲಾರಂಭಿಸದ ಇನ್ಸುಲಿನ್‌ಗೆ ಬೇಕಾದುದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಕಂಪ್ರೆಸರ್ ಇರುವ ಫ್ರಿಜ್ ದುಬಾರಿಯಾದರೂ ಈ ಮಟ್ಟವನ್ನು ಕಾಯ್ದುಕೊಳ್ಳುತ್ತದೆ.

ಮುಂದಿನ ಪ್ರಶ್ನೆ ಬ್ಯಾಟರಿಯದು. 12 ವೋಲ್ಟಿನ, 45 ವಾಟಿನ ಫ್ರಿಜ್ ಕಂಪ್ರೆಸರ್ ಓಡುವಾಗ ಸುಮಾರು 4 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಎಂಜಿನ್ ನಿಲ್ಲಿಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ವಾಹನ ಸ್ಟಾರ್ಟ್ ಆಗದಿರಬಹುದು. ವೋಲ್ಟೇಜ್ ಇಳಿದಾಗ ತಾನಾಗಿಯೇ ನಿಲ್ಲುವ ವ್ಯವಸ್ಥೆ ಇರುವುದನ್ನೇ ಆರಿಸಬೇಕು. ಆದರೆ ಫ್ರಿಜ್ ನಿಂತರೆ ಔಷಧ ಬಿಸಿಯಾಗುತ್ತದೆ. ತಂಗುವಲ್ಲಿ ಅದನ್ನು ಕೊಠಡಿಗೆ ಒಯ್ದು, ಅಡಾಪ್ಟರ್ ಮೂಲಕ ಮನೆ ವಿದ್ಯುತ್ತಿಗೆ ಜೋಡಿಸುವುದು ಕ್ಷೇಮ.

ಹೊರಡುವ ಹಿಂದಿನ ರಾತ್ರಿಯೇ ಫ್ರಿಜ್ ಚಾಲೂ ಮಾಡಿ, ತಣಿದ ಪದಾರ್ಥಗಳನ್ನೇ ತುಂಬಬೇಕು. ಅದರ ಗಾಳಿಕಿಂಡಿಗೆ ಸಾಮಾನು ಅಡ್ಡವಿಡಬಾರದು. ಒಳಗೊಂದು ಪುಟ್ಟ ಥರ್ಮಾಮೀಟರ್ ಇರಲಿ. ಅತಿಯಾದ ತಂಪೂ ಅಪಾಯಕಾರಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಯೋಗ್ಯವಲ್ಲ.

ಒಂದು ದಿನದ ಪ್ರಯಾಣಕ್ಕೆ ಇಷ್ಟೆಲ್ಲ ವೆಚ್ಚ ಬೇಕಿಲ್ಲ. ಐಸ್ ಪ್ಯಾಕ್ ಇರುವ ಡಬ್ಬಿ ಸಾಕು. ಔಷಧ ಮಾತ್ರ ಐಸ್‌ಗೆ ನೇರವಾಗಿ ತಾಗದಂತೆ ಬಟ್ಟೆಯಲ್ಲಿ ಸುತ್ತಿರಬೇಕು.